ಕುಷ್ಠಪೀಡಿತ ಕೈಯ ಪುನಶ್ಚೇತನ: ಶಸ್ತ್ರಚಿಕಿತ್ಸೆಯಿಂದಾಚೆಗೆ

ಕುಷ್ಠರೋಗದಲ್ಲಿ ಬೆರಳುಗಳು ಕೊಳೆತು ಉದುರುತ್ತವೆ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ವಸ್ತುತಃ ರೋಗಾಣುವು ಮುಖ್ಯವಾಗಿ ಬಾಧಿಸುವುದು ಚರ್ಮವನ್ನು ಹಾಗೂ ನರಗಳನ್ನು. ಮೊಣಕೈಯ ಬಳಿ ಹಾದುಹೋಗುವ ಅಲ್ನಾರ್ ನರವು ಹಾನಿಗೊಂಡಾಗ ಅಂಗೈಯ ಕಿರುಸ್ನಾಯುಗಳು ನಿಶ್ಚೇಷ್ಟಿತವಾಗಿ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ. ಜೊತೆಗೆ ನೋವಿನ ಅರಿವೂ ಅಳಿಯುತ್ತದೆ. ನೋವರಿಯದ ಕೈ ಕಾದ ಪಾತ್ರೆಯನ್ನು ಬಿಡುವುದಿಲ್ಲ, ಗಾಯಗೊಂಡರೂ ದುಡಿಮೆ ನಿಲ್ಲಿಸುವುದಿಲ್ಲ. ಮರುಕಳಿಸುವ ಗಾಯ ಮತ್ತು ಸೋಂಕುಗಳಿಂದಲೇ ಬೆರಳುಗಳು ಮೊಟಕಾಗುತ್ತವೆ.

ಈ ಸತ್ಯವನ್ನು ಖಚಿತವಾಗಿ ಪ್ರತಿಪಾದಿಸಿದವರಲ್ಲಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್ (1914–2003) ಪ್ರಮುಖರು. ಇಂತಹ ಕೈಗಳಲ್ಲಿ ಮುಂದೋಳಿನ ಅನೇಕ ಸ್ನಾಯುಗಳು ಬಲವಾಗಿಯೇ ಉಳಿದಿರುತ್ತವೆ. ಅವುಗಳಲ್ಲೊಂದರ ಸ್ನಾಯುರಜ್ಜುವನ್ನು ಸ್ಥಳಾಂತರಿಸಿ, ಬಾಗಿದ ಬೆರಳುಗಳನ್ನು ನೆಟ್ಟಗಾಗಿಸುವ ಶಸ್ತ್ರಚಿಕಿತ್ಸೆಯನ್ನು ಅವರು ಅಲ್ಲಿ ಬೆಳೆಸಿದರು.

ಆದರೆ ಶಸ್ತ್ರಚಿಕಿತ್ಸೆಯ ಸಾಫಲ್ಯವು ಭೌತಚಿಕಿತ್ಸೆಯನ್ನು ಅವಲಂಬಿಸಿದೆ. ಬಿಗಿದ ಕೀಲುಗಳನ್ನು ಎಣ್ಣೆಯ ನೀವಿಕೆ, ಹದವಾದ ಮೇಣದ ಕಾವು, ವ್ಯಾಯಾಮ ಮತ್ತು ಆಧಾರಪಟ್ಟಿಗಳಿಂದ ಮೊದಲೇ ಸಡಿಲಗೊಳಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ಸುಮಾರು 3 ವಾರ ಕೈಯನ್ನು ಪ್ಲಾಸ್ಟರಿನಲ್ಲಿಡಲಾಗುತ್ತದೆ. ಅದನ್ನು ತೆಗೆದ ಮೇಲೆ ನಿಜವಾದ ಕಲಿಕೆ ಆರಂಭ: ಹಿಂದೆ ಬೆರಳನ್ನು ಮಡಿಸುತ್ತಿದ್ದ ಸ್ನಾಯುವಿಗೆ ಈಗ ಅದನ್ನು ನೀಡಿಸುವ ಕೆಲಸವನ್ನು ದಿನದಿನದ ಅಭ್ಯಾಸದಿಂದ ರೂಢಿಸಬೇಕಾಗುತ್ತದೆ.

ಚಲನೆ ಮರಳಿದರೂ ಬದುಕು ಮರಳಲಿಲ್ಲವೆಂಬುದು ವೆಲ್ಲೂರಿನ ಅನುಭವ. ಸರಿಪಡಿಸಿದ ಕೈಗೆ ಭಿಕ್ಷೆ ದೊರೆಯದಾಯಿತು. ಸಾಮಾಜಿಕ ಕಳಂಕದಿಂದಾಗಿ ಕೂಲಿಯೂ ದೊರೆಯಲಿಲ್ಲ. ಆದುದರಿಂದ 1950ರ ದಶಕದ ಆರಂಭದಲ್ಲಿ ಸ್ಥಾಪನೆಗೊಂಡ ನವಜೀವನ ಕೇಂದ್ರದಲ್ಲಿ ಮರಗೆಲಸವೇ ಮೊದಲಾದ ಕಸುಬುಗಳನ್ನು ಕಲಿಸಲಾಯಿತು. ಔದ್ಯೋಗಿಕ ಚಿಕಿತ್ಸೆಯ ಮರ್ಮ ಇಲ್ಲಿದೆ. ಉಳಿಯ ಹಿಡಿಯನ್ನು ದಪ್ಪಗೊಳಿಸಿದರೆ ಒತ್ತಡವು ಅಂಗೈಯ ತುಂಬ ಹಂಚಿಹೋಗುತ್ತದೆ. ಲೋಹದ ಪಾತ್ರೆಗೆ ಮರದ ಹಿಡಿಯಿದ್ದರೆ ಸುಡುವುದಿಲ್ಲ. ಸಂಜೆ ಕೈಗಳನ್ನು ಕಣ್ಣಿಟ್ಟು ಪರೀಕ್ಷಿಸಿ, ನೀರಿನಲ್ಲಿ ನೆನೆಸಿ, ಎಣ್ಣೆ ಸವರುವುದು ನಿತ್ಯವಿಧಿಯಾಗಬೇಕು. ಸ್ಪರ್ಶವು ಮಾಡಬೇಕಾದ ಕಾವಲನ್ನು ಇಲ್ಲಿ ದೃಷ್ಟಿಯೂ ಅಭ್ಯಾಸವೂ ವಹಿಸಿಕೊಳ್ಳುತ್ತವೆ.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಮಂಡಳಿ ಸೂಚಿಸಿದ ಬಹುಔಷಧ ಚಿಕಿತ್ಸೆಯು ರೋಗಾಣುವನ್ನು ನಾಶಪಡಿಸುತ್ತದೆ. 2005ರ ಅಂತ್ಯಕ್ಕೆ ಭಾರತವು ರಾಷ್ಟ್ರಮಟ್ಟದಲ್ಲಿ 10,000 ಜನರಿಗೆ ಒಂದಕ್ಕಿಂತ ಕಡಿಮೆ ರೋಗಪ್ರಮಾಣದ ಗುರಿಯನ್ನು ತಲುಪಿತು. ಆದರೆ ಬಹುಕಾಲದ ಹಿಂದೆ ನಶಿಸಿದ ನರವನ್ನು ಯಾವ ಗುಳಿಗೆಯೂ ಮರಳಿಸದು. ರೋಗಮುಕ್ತನೆಂದು ದಾಖಲೆಯಿಂದ ಹೆಸರು ತೆಗೆದ ಮೇಲೂ ಆ ವ್ಯಕ್ತಿಯ ಕೈಗೆ ಆರೈಕೆ ಬೇಕು. ಚಿಕಿತ್ಸೆಯ ಸಾಫಲ್ಯವನ್ನು ಅಳೆಯಬೇಕಾದುದು ಆ ಕೈ ಗಾಯವಿಲ್ಲದೆ ದುಡಿಯಬಲ್ಲುದೇ ಎಂಬುದರಿಂದ.