ನಿರ್ದೇಶಕನ ಮಾತು, ಪೆದ್ರೊನ ಮೌನ

ಬಯಲಾಟದ ನಾಡಿನಲ್ಲಿ ಬೆಳೆದವರಿಗೆ ಒಂದು ಕ್ರಮ ಚೆನ್ನಾಗಿ ಗೊತ್ತು. ಪಾತ್ರಧಾರಿ ರಂಗಕ್ಕೆ ಬಂದು ಕುಣಿದು ನಿಂತೊಡನೆ ಸಾರಥಿಯು ಆತನನ್ನು ತಡೆದು, ತಾವು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಜನಿರಲಿ, ರಾಕ್ಷಸನಿರಲಿ, ಉತ್ತರ ಕೊಡದೆ ಆಟ ಮುಂದೆ ಸಾಗದು. ಇಂದು ಈ ವಿಚಾರಣೆ ಚಲನಚಿತ್ರ ನಿರ್ದೇಶಕರ ಪಾಲಿಗೆ ಬಂದಿದೆ. ಚಿತ್ರ ತೆರೆಗೆ ಬರುವ ಎಷ್ಟೋ ದಿನ ಮೊದಲೇ ಅವರು ವಾಹಿನಿಗಳಲ್ಲಿ, ಪತ್ರಿಕೆಗಳಲ್ಲಿ, ನಮ್ಮ ಅಂಗೈಯ ಮೊಬೈಲಿನಲ್ಲಿ ಕುಳಿತು ತಮ್ಮ ಕೃತಿಯ ಕುರಿತು ಮಾತನಾಡತೊಡಗುತ್ತಾರೆ. ಚಿಮ್ಮಡದಂಥ ಊರಿನವರು ಹೊಸ ಚಿತ್ರ ನೋಡಬೇಕಾದರೆ ಪಟ್ಟಣಕ್ಕೆ ಹೋಗಬೇಕು. ನಿರ್ದೇಶಕನ ಮಾತಾದರೋ ಮಗ್ಗದ ಸದ್ದಿನ ನಡುವೆಯೂ ಮನೆಗೇ ಬರುತ್ತದೆ. ಹೀಗಾಗಿ ನಮ್ಮ ಕುಟುಂಬಗಳಲ್ಲಿ ಚಿತ್ರ ಕಂಡವರಿಗಿಂತ ಚಿತ್ರದ ಮಾತು ಕೇಳಿದವರೇ ಹೆಚ್ಚು. ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು?

ಈ ಪ್ರಶ್ನೆ ಹೊಸದಲ್ಲ. ನ್ಯಾಯಸ್ಥಾನದ ಮುಂದೆ ನಿಂತ ಸಾಕ್ರಟೀಸನು ತನ್ನ ಅನುಭವವೊಂದನ್ನು ಹೇಳಿಕೊಂಡನೆಂದು ಪ್ಲೇಟೋ ಬರೆದಿದ್ದಾನೆ. ಆತ ಕವಿಗಳ ಬಳಿಗೆ ಹೋಗಿ ಅವರ ಶ್ರೇಷ್ಠ ಕೃತಿಗಳನ್ನೇ ಮುಂದಿಟ್ಟು, ಇದರ ಅರ್ಥವೇನೆಂದು ಕೇಳಿದನಂತೆ. ಕವಿಗಳಿಗಿಂತ ಸುತ್ತ ನಿಂತಿದ್ದವರೇ ಚೆನ್ನಾಗಿ ವಿವರಿಸಬಲ್ಲವರಾಗಿದ್ದರಂತೆ! ನಿರ್ದೇಶಕರ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದಕ್ಕೆ ಸಮೀಪದ್ದು. ತಮ್ಮ ಚಿತ್ರ ಸಮಾಜಕ್ಕೆ ಕೊಡುವ ಸಂದೇಶವನ್ನು ಅವರು ವಿವರಿಸಲು ಹೊರಟಾಗ ಸ್ವಲ್ಪ ಎಚ್ಚರದಿಂದಿರುವುದು ಲೇಸು. ಅಲ್ಲಿ ಅರ್ಧ ಪಾಲು ವ್ಯಾಪಾರವಿರುತ್ತದೆ. ಆದರೆ ಕಥೆ ಎಲ್ಲಿ ಸಿಕ್ಕಿತು, ಯಾರನ್ನು ಪಾತ್ರಕ್ಕೆ ಆರಿಸಿದೆ, ಯಾವ ಊರಿನಲ್ಲಿ ಚಿತ್ರೀಕರಿಸಿದೆ ಎಂದು ಹೇಳುವಾಗ ಮಾತ್ರ ಕಿವಿಗೊಟ್ಟು ಕೇಳಬೇಕು. ಆಗ ಮಾತನಾಡುವವನು ಕಸಬುದಾರ.

ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರನ್ನು ನೋಡಿ. ವೈದ್ಯಕೀಯ ಓದಿದವರು ಪುಣೆಯ ಚಲನಚಿತ್ರ ಸಂಸ್ಥೆ ಸೇರಿ, ಹದಿನಾರು ನಿಮಿಷದ ಕನ್ನಡ ಚಿತ್ರವೊಂದನ್ನು ಮಾಡಿದರು. 2024ರ ಮೇ ತಿಂಗಳಲ್ಲಿ ಅದು ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆಯಿತು. ಚಿತ್ರೀಕರಣಕ್ಕೆ ದೊರೆತದ್ದು ನಾಲ್ಕೇ ದಿನವೆಂದು ಅವರು ಹೇಳಿದ್ದಾರೆ. ಕಥೆ ಯಾವುದು? ತನ್ನ ಕೋಳಿ ಕೂಗದಿದ್ದರೆ ಬೆಳಗಾಗದೆಂದು ನಂಬಿದ ಅಜ್ಜಿಯನ್ನು ಕಂಡು ನಾವೆಲ್ಲ ಬಾಲ್ಯದಲ್ಲಿ ನಕ್ಕವರೇ. ಈ ಚಿತ್ರದಲ್ಲಿ ಅಜ್ಜಿ ಕೋಳಿಯನ್ನು ಒಯ್ದರೆ ಊರಿಗೆ ನಿಜವಾಗಿಯೂ ಬೆಳಗಾಗುವುದಿಲ್ಲ. ನಮ್ಮ ನಗೆಗೆ ಗುರಿಯಾಗಿದ್ದ ಮುದುಕಿಯ ಮಾತು ನಿಜವಾದರೆ ಏನು ಗತಿ ಎಂದು ಕೇಳಿದ್ದರಲ್ಲಿಯೇ ಚಿತ್ರದ ಜೀವವಿದೆ.

ನಗೆಗೆ ಗುರಿಯಾಗುವ ವಿಷಯ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ವೈ. ವಿ. ರಾವ್ ಅವರ ನಿರ್ದೇಶನದಲ್ಲಿ ತಯಾರಾದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಚಿಮ್ಮಡಕ್ಕೆ ಬೆಂಗಳೂರಿಗಿಂತ ಅದೇ ಬಹಳ ಹತ್ತಿರ. ಆದರೂ ಮುಂದೆ ಹಲವು ಚಿತ್ರಗಳಲ್ಲಿ ನಮ್ಮ ಭಾಗದ ಮಾತು ಕೇಳಿಬಂದದ್ದು ಪ್ರೇಕ್ಷಕರನ್ನು ನಗಿಸಲೆಂದೇ. ‘ಯಾಕ್ರೀ’, ‘ಏನ್ರೀ’ ಎಂದೊಡನೆ ನಗಬೇಕೆಂಬ ಪದ್ಧತಿ ಬೆಳೆಯಿತು. 2024ರ ಮಾರ್ಚ್‌ನಲ್ಲಿ ತೆರೆಕಂಡ ಉತ್ಸವ್ ಗೋನವಾರ ಅವರ ‘ಫೋಟೋ’ ಈ ಪದ್ಧತಿಯನ್ನು ಮುರಿದಿದೆ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬುದು ರಾಯಚೂರು ಸೀಮೆಯ ಬಾಲಕನೊಬ್ಬನ ಆಸೆ. ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುವ ತಂದೆಯ ಬಳಿಗೆ ಅವನು ಹೋಗುತ್ತಾನೆ. ಅಷ್ಟರಲ್ಲಿ 2020ರ ಲಾಕ್‌ಡೌನ್ ಬರುತ್ತದೆ. ತಂದೆ ಮಗ ನಡೆದೇ ಊರಿನ ದಾರಿ ಹಿಡಿಯುತ್ತಾರೆ. ಅವರ ರಾಯಚೂರಿನ ಮಾತು ಕೇಳಿ ಯಾರಿಗೂ ನಗೆ ಬರಲಾರದು. ಅದೇ ದಿನಗಳಲ್ಲಿ ರಬಕವಿ-ಬನಹಟ್ಟಿಯ ಮಗ್ಗಗಳು ನಿಂತಾಗ ಮನೆಯೊಳಗಿನ ಮೌನ ಹೇಗಿತ್ತೆಂದು ಬಲ್ಲವರಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದೇ ನೋವಿನ ಇನ್ನೊಂದು ಮುಖ ಕಥೋಲಿಕ ಕುಟುಂಬಗಳ ದೂರು. ತೆರೆಯ ಮೇಲೆ ಕ್ರೈಸ್ತನೆಂದರೆ ತಲೆಗೊಂದು ಹ್ಯಾಟು, ಕೈಗೊಂದು ಬಾಟಲಿ, ಹರಕು ಮುರುಕು ಕನ್ನಡ. ಕ್ರೈಸ್ತ ತರುಣಿಯೆಂದರೆ ಮೊಣಕಾಲಿನ ಮೇಲಿನ ಉಡುಪು. ಹೊಲದಲ್ಲಿ ದುಡಿಯುವ, ಮನೆಯಲ್ಲಿ ಕನ್ನಡವನ್ನೇ ಆಡುವ ನಮ್ಮ ಜನರನ್ನು ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ. ದೂರು ನ್ಯಾಯವಾದದ್ದೇ. ಆದರೆ ನಟೇಶ್ ಹೆಗಡೆ ಅವರ ‘ಪೆದ್ರೊ’ ಚಿತ್ರವನ್ನೂ ಅದೇ ಪಟ್ಟಿಗೆ ಸೇರಿಸಿ, ಇಲ್ಲಿಯೂ ಕುಡುಕನಾದ ಕ್ರೈಸ್ತನೇ ಎಂದು ಕೈತೊಳೆದುಕೊಂಡರೆ ಅನ್ಯಾಯವಾದೀತು.

ಪೆದ್ರೊ ಪಶ್ಚಿಮಘಟ್ಟದ ಹಳ್ಳಿಯೊಂದರ ವಿದ್ಯುತ್ ಕೆಲಸಗಾರ. ಕುಡಿಯುತ್ತಾನೆ, ನಿಜ. ಊರಿನ ಧಣಿಯ ತೋಟ ಕಾಯಲು ಹೋಗಿ, ಕೈಯಲ್ಲಿದ್ದ ಕೋವಿಯಿಂದ ಆಕಸ್ಮಿಕವಾಗಿ ಹಸುವೊಂದನ್ನು ಕೊಲ್ಲುತ್ತಾನೆ. ಅಲ್ಲಿಂದ ಮುಂದೆ ಊರು ಅವನನ್ನು ನೋಡುವ ಬಗೆಯೇ ಬದಲಾಗುತ್ತದೆ. ನಿನ್ನೆಯವರೆಗೆ ತಮ್ಮ ಮನೆಗಳ ದೀಪ ಸರಿಪಡಿಸುತ್ತಿದ್ದವನು ಒಮ್ಮೆಲೇ ಹೊರಗಿನವನಾಗುತ್ತಾನೆ. ಅಥವಾ ಅವನು ಮೊದಲಿನಿಂದಲೂ ಹೊರಗಿನವನೇ ಆಗಿದ್ದು, ದೀಪ ಉರಿಯುವವರೆಗೆ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲವೋ? ಚಿತ್ರ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಪೆದ್ರೊ ಕೂಡ ಹೆಚ್ಚು ಮಾತನಾಡುವವನಲ್ಲ. ಹ್ಯಾಟಿನ ಕ್ರೈಸ್ತನಿಗೂ ಇವನಿಗೂ ಇರುವ ಅಂತರ ಇಲ್ಲಿದೆ: ಅವನ ಕುಡಿತ ಪ್ರೇಕ್ಷಕರ ನಗೆಗಾಗಿ, ಇವನ ಕುಡಿತ ಇವನದೇ ಸಂಕಟ.

ಪೆದ್ರೊನ ಪಾತ್ರವನ್ನು ವಹಿಸಿದವರು ಗೋಪಾಲ ಹೆಗಡೆ, ನಿರ್ದೇಶಕರ ಸ್ವಂತ ತಂದೆ. ನಾನು ಹೇಳಿದ ಕಸಬಿನ ಮಾತು ಎಂದರೆ ಇಂಥದು. ಊರು ಹೊರಗಿಟ್ಟ ಕ್ರೈಸ್ತನ ಮುಖ ಹೇಗಿರಬೇಕೆಂದು ಯೋಚಿಸಿದ ತರುಣನೊಬ್ಬನು ತನ್ನ ಅಪ್ಪನ ಮುಖವನ್ನೇ ಆರಿಸಿಕೊಂಡನು. ಇದಕ್ಕಿಂತ ಸ್ಪಷ್ಟವಾದ ಸಂದೇಶವನ್ನು ಯಾವ ಸಂದರ್ಶನ ತಾನೆ ಕೊಟ್ಟೀತು? ನಿರ್ಮಾಪಕರು ರಿಷಬ್ ಶೆಟ್ಟಿ. ‘ಕಾಂತಾರ’ದಿಂದ 2022ರಲ್ಲಿ ದೇಶವೆಲ್ಲ ಹೆಸರಾದ ಅದೇ ನಿರ್ದೇಶಕರು ಅದಕ್ಕೂ ಮೊದಲೇ ಇಂಥ ಚಿಕ್ಕ ಚಿತ್ರಕ್ಕೆ ಹಣ ಹೂಡಿದ್ದರೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. 2021ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ‘ಪೆದ್ರೊ’ ಮೊದಲು ಪ್ರದರ್ಶನಗೊಂಡಿತು. ಮರುವರ್ಷ ನಮ್ಮ ಬೆಂಗಳೂರಿನ ಚಿತ್ರೋತ್ಸವಕ್ಕೆ ಅದು ಆಯ್ಕೆಯಾಗಲಿಲ್ಲ.

ತಂದೆಯನ್ನು ಪಾತ್ರ ಮಾಡಿದ ಸಂಗತಿ ಇನ್ನೊಬ್ಬ ನಿರ್ದೇಶಕನನ್ನು ನೆನಪಿಗೆ ತರುತ್ತದೆ. ಇಟಲಿಯ ಪಿಯೆರ್ ಪಾವ್ಲೋ ಪಸೋಲಿನಿ ಮಾರ್ಕ್ಸ್‌ವಾದಿ, ದೇವರನ್ನು ನಂಬದವನು. 1962ರಲ್ಲಿ ಅಸಿಸಿಗೆ ಹೋಗಿದ್ದಾಗ ಜಗದ್ಗುರು ಇಪ್ಪತ್ತಮೂರನೆಯ ಜಾನರ ಭೇಟಿಯಿಂದಾಗಿ ರಸ್ತೆಗಳೆಲ್ಲ ಜನರಿಂದ ತುಂಬಿ, ಕೋಣೆಯಲ್ಲಿಯೇ ಉಳಿದು ಅಲ್ಲಿದ್ದ ಶುಭಸಂದೇಶವನ್ನು ಓದಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ಅದರ ಫಲ 1964ರ ‘ಸಂತ ಮತ್ತಾಯನ ಶುಭಸಂದೇಶ’ ಚಿತ್ರ. ಶಿಲುಬೆಯ ಬುಡದಲ್ಲಿ ಗೋಳಿಡುವ ವೃದ್ಧ ಮಾತೆ ಮರಿಯಳಾಗಿ ನಿಂತವಳು ಪಸೋಲಿನಿಯ ತಾಯಿ. ಚಿತ್ರವನ್ನು ಅವನು ಆ ಜಗದ್ಗುರುಗಳ ಸ್ಮರಣೆಗೆ ಅರ್ಪಿಸಿದ. 1936ರಲ್ಲಿ ಸಿನಿಮಾದ ಅಪಾಯಗಳ ಕುರಿತು ವಿಶ್ವಪತ್ರ ಹೊರಡಿಸಿದ್ದ ವ್ಯಾಟಿಕನ್, ಸಿನಿಮಾದ ಶತಮಾನೋತ್ಸವದ 1995ರಲ್ಲಿ ಪ್ರಕಟಿಸಿದ ನಲವತ್ತೈದು ಗಣ್ಯ ಚಿತ್ರಗಳ ಪಟ್ಟಿಯಲ್ಲಿ ಈ ನಾಸ್ತಿಕನ ಕೃತಿಯನ್ನೂ ಸೇರಿಸಿತು. ನಿರ್ದೇಶಕ ಯಾವ ಮತದವನೆಂದು ಕೇಳಿ ಚಿತ್ರವನ್ನು ತೂಗುವವರು ಈ ಪಟ್ಟಿಯನ್ನೊಮ್ಮೆ ಗಮನಿಸಬೇಕು.

ನಟೇಶರ ಎರಡನೆಯ ಚಿತ್ರ ‘ವಾಗಾಚಿಪಾಣಿ’ 2025ರ ಫೆಬ್ರುವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ರಾಯಚೂರು ಸೀಮೆಯ ಅಮರೇಶ ನುಗಡೋಣಿಯವರ ಬರವಣಿಗೆ ಅದರ ಆಧಾರ. ಬಯಲುಸೀಮೆಯ ಕಥೆಯನ್ನು ಮಲೆನಾಡಿನ ಕಾಡಿಗೆ ಒಯ್ದಾಗ ಏನು ಉಳಿಯಿತು, ಏನು ಕಳೆಯಿತು ಎಂಬುದನ್ನು ಅವರ ಬಾಯಿಂದಲೇ ಕೇಳುವ ಆಸೆ ನನಗಿದೆ.

ಮನೆಮಂದಿಯೊಡನೆ ಕುಳಿತು ನೋಡಬಯಸುವವರು ‘ಫೋಟೋ’ದಿಂದ ಆರಂಭಿಸಬಹುದು, ಹತ್ತು ವರ್ಷದ ಮಕ್ಕಳೂ ಅದನ್ನು ಅರಿಯಬಲ್ಲರು. ‘ಪೆದ್ರೊ’ ದೊಡ್ಡವರ ಚಿತ್ರ. ಅದರ ನಡೆ ನಿಧಾನ, ಹಾಡಿಲ್ಲ, ಕುಣಿತವಿಲ್ಲ. ಮಳೆ ಮತ್ತು ಕತ್ತಲೆ ಬೇಕಾದಷ್ಟಿವೆ. ರಾತ್ರಿಯ ಊಟ ಮುಗಿಸಿ, ಮಕ್ಕಳು ಮಲಗಿದ ಮೇಲೆ ನೋಡುವುದು ಒಳ್ಳೆಯದು.