49 ಗ್ರಾಂ ತೂಕದ ದೊಡ್ಡಸ್ತಿಕೆ

ಪ್ರಾಚೀನ ಚೀನಾದ ದೊಡ್ಡ ಮನೆತನದ ಹೆಂಗಸರು ಏನು ತೊಡುತ್ತಿದ್ದರು? ಈ ವಿಷಯದಲ್ಲಿ ಸಿನಿಮಾಗಳನ್ನು ನಂಬುವಂತಿಲ್ಲ. ಸಾವಿರ ವರ್ಷ ಅಂತರದ ಉಡುಗೆಗಳು ಅಲ್ಲಿ ಒಂದೇ ಪೆಟ್ಟಿಗೆಯಿಂದ ಹೊರಬರುತ್ತವೆ. ರಾಜಾಜ್ಞೆಗಳನ್ನು ನೋಡೋಣವೆಂದರೆ, ಕ್ರಿ.ಪೂ. 199ರಲ್ಲಿ ಹಾನ್ ವಂಶದ ಮೊದಲ ಚಕ್ರವರ್ತಿ ಗಾವೋಝು, ವ್ಯಾಪಾರಿಗಳು ಕಸೂತಿಯ, ಚಿತ್ತಾರದ ರೇಷ್ಮೆ ತೊಡಕೂಡದೆಂದು ಅಪ್ಪಣೆ ಮಾಡಿದ್ದ. ಯಾರ ಮೈಮೇಲೆ ಯಾವ ಬಟ್ಟೆ ಎಂಬುದನ್ನು ಅರಮನೆಯೇ ತೀರ್ಮಾನಿಸುತ್ತಿತ್ತು ಎಂದು ಇದರಿಂದ ಅನಿಸುವುದು ಸಹಜ. ಗೋರಿಗಳಲ್ಲಿ ಸಿಕ್ಕ ಬಟ್ಟೆಗಳು ಮಾತ್ರ ಹಾಗೆ ಹೇಳುವುದಿಲ್ಲ. ಕುಲೀನ ಹೆಂಗಸಿನ ಅಂತಸ್ತು ಅಪ್ಪಣೆಗಿಂತ ಹೆಚ್ಚಾಗಿ, ಅವಳ ಬಟ್ಟೆಗೆ ಬೇರೆಯವರು ಸುರಿದ ದುಡಿಮೆಯಲ್ಲಿತ್ತು.

ಹುನಾನ್ ಪ್ರಾಂತ್ಯದ ಚಾಂಗ್ಷಾ ಬಳಿಯ ಮಾವಾಂಗ್‌ದುಯಿಯಲ್ಲಿ 1972ರಲ್ಲಿ ಅಗೆದ ಗೋರಿ ಶಿನ್ ಝುಯಿ ಎಂಬಾಕೆಯದು. ಗಂಡ ಲೀ ತ್ಸಾಂಗ್, ಚಾಂಗ್ಷಾ ರಾಜ್ಯದ ಮುಖ್ಯಮಂತ್ರಿ. ಕ್ರಿ.ಪೂ. 2ನೇ ಶತಮಾನದಲ್ಲಿ, ಸುಮಾರು ಐವತ್ತರ ವಯಸ್ಸಿನಲ್ಲಿ ತೀರಿಕೊಂಡ ಆಕೆಯ ದೇಹಕ್ಕೆ ಇಪ್ಪತ್ತು ಪದರ ಬಟ್ಟೆ ಹೊದಿಸಿ, ಒಂಬತ್ತು ಪಟ್ಟಿಗಳಿಂದ ಬಿಗಿದಿದ್ದರು. ಪೆಟ್ಟಿಗೆಗಳಲ್ಲಿ ಇನ್ನೂ ಎಷ್ಟೋ ನಿಲುವಂಗಿಗಳು: ರೇಷ್ಮೆಯ ಅರಳೆ ತುಂಬಿದವು, ಮೋಡಗಳ ಸುರುಳಿಯನ್ನು ಸರಪಳಿ ಹೊಲಿಗೆಯಲ್ಲಿ ಮೂಡಿಸಿದವು, ಓರೆಯಾಗಿ ಕತ್ತರಿಸಿದ ಸೆರಗನ್ನು ಮೈಸುತ್ತ ಬಳಸಿ ನಡುಪಟ್ಟಿಯಿಂದ ಕಟ್ಟುವಂಥವು. ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಒಂದು ಬರಿಯ ಜಾಳು ರೇಷ್ಮೆಯ ಅಂಗಿ. ಉದ್ದ 128 ಸೆಂಟಿಮೀಟರ್, ತೋಳಿಂದ ತೋಳಿಗೆ 190, ತೂಕ ಕೇವಲ 49 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಯಷ್ಟು. ಬಣ್ಣವಿಲ್ಲ, ಚಿತ್ತಾರವಿಲ್ಲ. ಈಚೆಗೆ ಇದರ ನಕಲು ಮಾಡಲು ಹೊರಟವರ ಮೊದಲ ಅಂಗಿ 80 ಗ್ರಾಂ ದಾಟಿತು. ಏಕೆಂದರೆ ಇಂದಿನ ದಪ್ಪ ರೇಷ್ಮೆಹುಳುಗಳು ನೂಲುವ ಎಳೆಯೇ ದಪ್ಪ. ಇಂಥ ಅಂಗಿಯ ಬೆಲೆ ದೂರದಿಂದ ನೋಡುವವರಿಗೆ ತಿಳಿಯುವಂಥದ್ದಲ್ಲ, ಬಲ್ಲವರಿಗಷ್ಟೇ ಗೊತ್ತು.

ಇವು ಸತ್ತವರಿಗೆಂದೇ ಹೊಲಿಸಿದ ಬಟ್ಟೆಗಳಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದೇ ಗೋರಿಯ ರೇಷ್ಮೆ ಪಟದಲ್ಲಿ ಆಕೆ ಕೋಲೂರಿ ನಿಂತಿದ್ದಾಳೆ, ಹಿಂದೆ ಮೂವರು ದಾಸಿಯರು. ಮೈಮೇಲೆ ಇಂಥದೇ ಚಿತ್ತಾರದ ನಿಲುವಂಗಿ. ಜನ ಆಕೆಯನ್ನು ನೆನೆದದ್ದು ಆ ಉಡುಗೆಯಲ್ಲೇ. ಒಂದು ಗೋರಿಯಿಂದ ಇಷ್ಟೆಲ್ಲ ಹೇಳಬಹುದೇ ಎನ್ನುವವರಿಗೆ, ಹುಬೇ ಪ್ರಾಂತ್ಯದ ಮಾಶಾನ್‌ನಲ್ಲಿ 1982ರಲ್ಲಿ ಸಿಕ್ಕ, ಇನ್ನೂ ಹಳೆಯದಾದ ಗೋರಿಯಿದೆ. ಅಲ್ಲಿನ ಹೆಂಗಸು ಕೆಳದರ್ಜೆಯ ಕುಲೀನೆ, ಆದರೂ ಬಟ್ಟೆ ತುಂಬ ಡ್ರ್ಯಾಗನ್, ಫೀನಿಕ್ಸ್, ಹುಲಿಗಳ ಕಸೂತಿ. ಇನ್ನು ಗಾವೋಝುವಿನ ಅಪ್ಪಣೆ ಎಷ್ಟು ನಡೆಯಿತು? ಶಿನ್ ಝುಯಿ ಬದುಕಿದ್ದಾಗಲೇ ಚಾಂಗ್ಷಾದ ರಾಜನಿಗೆ ಗುರುವಾಗಿದ್ದ ಜಿಯಾ ಯಿ, ಹಿಂದಿನ ರಾಣಿಯರ ಕಸೂತಿ ಈಗ ಮಾರಾಟದ ದಾಸಿಯರ ಮೈಮೇಲೂ ಸಿರಿವಂತ ವರ್ತಕರ ಗೋಡೆಗಳ ಮೇಲೂ ಇದೆಯೆಂದು ಚಕ್ರವರ್ತಿಗೆ ದೂರಿಕೊಂಡ.

ಕಟ್ಟಳೆಗೆ ಬೆಲೆಯೇ ಇರಲಿಲ್ಲವೆಂದಲ್ಲ. ನಂತರದ ಹಾನ್ ಕಾಲದ ದಾಖಲೆಯ ಪ್ರಕಾರ ರಾಜಮಾತೆ ಪಿತೃಗಳ ಗುಡಿಗೆ ಹೋಗುವಾಗ ತೊಡುವ ಬಣ್ಣ ಬೇರೆ, ರೇಷ್ಮೆಹುಳು ಸಾಕಣೆಯ ವಿಧಿಗೆ ಬೇರೆ. ಅಂಥ ದಿನಗಳಲ್ಲಿ ಕಟ್ಟಳೆ ಮೀರುವುದು ಕಷ್ಟವಿತ್ತು. ವರ್ಷದ ಉಳಿದ ದಿನಗಳಲ್ಲಿ ಮನೆಯೊಳಗೆ ಏನು ತೊಡಬೇಕೆಂಬುದನ್ನು ಹಣದ ಚೀಲವೇ ನಿರ್ಧರಿಸುತ್ತಿತ್ತು.