ಹದಿಮೂರಕ್ಕೆ ಹದಿಮೂರು ಗೆದ್ದರೂ ಜಾಗ ಇಲ್ಲವೆ?

ಹಂಗಾಮೆಲ್ಲಾ 13 ಆಟ ಆಡಿ, 13ನ್ನೂ ಗೆದ್ದು, ತನ್ನ ಗುಂಪಿನ ಚಾಂಪಿಯನ್ ಆಗಿ ನಿಂತ ತಂಡಕ್ಕೆ ‘ಮುಂದಿನ ಸುತ್ತಿನಲ್ಲಿ ನಿಮಗೆ ಜಾಗ ಇಲ್ಲ’ ಅಂದರೆ ಹೆಂಗಾಗಬೇಡ? 2023ರ ಡಿಸೆಂಬರಿನಲ್ಲಿ ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರಿಗೆ ಆದದ್ದು ಇದೇ. ಅವರನ್ನು ಸೋಲಿಸಿದವರು ಯಾರೂ ಇರಲಿಲ್ಲ. ಹೊರಗಿಟ್ಟದ್ದು ಒಂದು ಸಮಿತಿ.

ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ, ಎದುರಾಳಿಯನ್ನು ಹಿಡಿದು ಕೆಡವುವ ಆಟ. ಕಾಲೇಜು ಹುಡುಗರ ಆಟ ನೋಡಲಿಕ್ಕೆ ಅಲ್ಲಿ ಲಕ್ಷ ಮಂದಿ ಸೇರುತ್ತಾರೆ. ನಮ್ಮ ಅಕ್ಕನ ಮಗ ಓದಲಿಕ್ಕೆ ಅಂತ ಓಹಾಯೋ ರಾಜ್ಯದ ಕೊಲಂಬಸ್ ಊರಿಗೆ ಹೋದ ಮೇಲೆ ನನಗೂ ಇದರ ರುಚಿ ಹತ್ತಿತು. ಫೋನ್ ಹಚ್ಚಿದರೆ ಓದಿನ ಮಾತು ಕಡಿಮೆ, ಆಟದ ಮಾತೇ ಹೆಚ್ಚು.

ಅಲ್ಲಿಯ ತೊಡಕು ಏನು ಅಂದರೆ, ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ಕಾಲೇಜುಗಳಿವೆ. ಹಂಗಾಮಿನಲ್ಲಿ ಒಂದೊಂದು ತಂಡಕ್ಕೆ ಸಿಗುವುದು 12 ಆಟ. ಎಲ್ಲರೂ ಎಲ್ಲರ ಸಂಗಡ ಆಡುವುದು ಸಾಧ್ಯವೇ ಇಲ್ಲ. ಹೀಗಾಗಿ ಯಾರು ದೊಡ್ಡವರು ಅಂತ ಮೈದಾನದ ಹೊರಗೇ ತೀರ್ಮಾನ ಆಗುತ್ತಾ ಬಂತು. 1936ರಿಂದ ಪತ್ರಕರ್ತರು ಮತ ಹಾಕಿ ಪಟ್ಟಿ ಮಾಡಿದರು. 1998ರಿಂದ ಮತಗಳ ಜೊತೆ ಕಂಪ್ಯೂಟರ್ ಲೆಕ್ಕ ಸೇರಿಸಿ ಎರಡು ತಂಡಗಳನ್ನು ಫೈನಲ್ಲಿಗೆ ಆರಿಸಿದರು. ಆದರೂ 2003ರ ಹಂಗಾಮಿನಲ್ಲಿ ಫೈನಲ್ ಗೆದ್ದದ್ದು ಲೂಯಿಸಿಯಾನಾ ಸ್ಟೇಟ್, ಪತ್ರಕರ್ತರು ಪಟ್ಟ ಕಟ್ಟಿದ್ದು ಸದರ್ನ್ ಕ್ಯಾಲಿಫೋರ್ನಿಯಾಕ್ಕೆ. ಒಂದೇ ವರ್ಷ ಇಬ್ಬರು ಚಾಂಪಿಯನ್! 2014ರಲ್ಲಿ 13 ಜನರ ಸಮಿತಿ ಮಾಡಿ ನಾಲ್ಕು ತಂಡಗಳ ಪ್ಲೇಆಫ್ ಶುರು ಮಾಡಿದರು. 2024ರಲ್ಲಿ ಅದು 12 ತಂಡಗಳಿಗೆ ಬೆಳೆಯಿತು.

ಫ್ಲಾರಿಡಾ ಸ್ಟೇಟ್ ಸಿಕ್ಕಿಬಿದ್ದದ್ದು ನಾಲ್ಕು ತಂಡಗಳ ಕಾಲದ ಕೊನೆಯ ವರ್ಷದಲ್ಲಿ. ನವೆಂಬರಿನಲ್ಲಿ ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಹುಡುಗ ಜೋರ್ಡನ್ ಟ್ರಾವಿಸ್‌ನ ಕಾಲಿಗೆ ಭಾರೀ ಪೆಟ್ಟಾಯಿತು. ಅವನಿಲ್ಲದೆ ತಂಡದ ಬಲ ಕುಂದಿದೆ ಅಂತ ಸಮಿತಿ ಅವರನ್ನು ಐದನೆಯ ಸ್ಥಾನಕ್ಕೆ ಇಳಿಸಿತು. ಒಂದು ಆಟ ಸೋತಿದ್ದ ಅಲಬಾಮಾಕ್ಕೆ ನಾಲ್ಕನೆಯ ಜಾಗ ಸಿಕ್ಕಿತು.

ನಮ್ಮ ಅಳಿಯ ಸಮಿತಿಯ ಪರ. “ಮಾಮಾ, ನೀವ್ ತಪ್ಪ ತಿಳ್ಕೊಂಡೀರಿ. ಚಲೋ ತಂಡ ಆರಸೂದು ಸಮಿತಿ ಕೆಲಸ, ಬರೇ ಗೆಲುವು ಎಣಸೂದಲ್ಲ. ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ಅಂದ್ರ ಎತ್ತಿಲ್ಲದ ಗಾಡಿ.”

“ಎತ್ತಿಲ್ಲದ ಗಾಡಿ ಮತ್ತ ಎರಡು ಊರು ದಾಟೇತಲ್ಲೋ ತಮ್ಮಾ,” ಅಂದೆ ನಾನು. ಟ್ರಾವಿಸ್ ಬಿದ್ದ ಮೇಲೆಯೂ ಆ ತಂಡ ಎರಡು ಆಟ ಆಡಿ ಎರಡನ್ನೂ ಗೆದ್ದಿತ್ತು, ಅದರಲ್ಲಿ ಒಂದು ಗುಂಪಿನ ಫೈನಲ್. ಪ್ಲೇಆಫ್ ತಪ್ಪಿದ ಬಳಿಕ ಜಾರ್ಜಿಯಾ ಎದುರು 63-3ರಿಂದ ಸೋತರು, ನಿಜ. ಆದರೆ ಆ ದಿನ ಅವರ ಎಷ್ಟೋ ಆಟಗಾರರು ಮೈದಾನಕ್ಕೇ ಇಳಿದಿರಲಿಲ್ಲ.

ಸೋಲಾಪುರದ ಬಾಜಾರಿನಲ್ಲಿ ಉಳ್ಳಾಗಡ್ಡಿ ಮಾರಿದವರಿಗೆ ಈ ಜಗಳ ಬೇಗ ತಿಳಿಯುತ್ತದೆ. ತೂಕ ಹೇಳುವುದು ಕಾಟಾ, ದರ ಹೇಳುವುದು ಖರೀದಿದಾರನ ಕಣ್ಣು. ಮಾಲಿನ ಗುಣ ಕಣ್ಣಿಂದಲೇ ನೋಡಬೇಕು, ಬೇಡ ಅನ್ನೋರು ಯಾರೂ ಇಲ್ಲ. ಆದರೆ ಐವತ್ತು ಚೀಲ ತೂಗಿ ಇಳಿಸಿದ ಮೇಲೆ ‘ನನ್ನ ಕಣ್ಣಿಗೆ ನಲವತ್ತೇ ಕಾಣಸ್ತಾವ’ ಅಂದರೆ ಅದು ವ್ಯಾಪಾರ ಅಲ್ಲ. ಆಟದಲ್ಲಿ ಗೆಲುವು ಸೋಲು ಅನ್ನೋದು ಕಾಟಾ. ಕಾಟಾ ಮುಟ್ಟದ ಕಡೆ ಮಾತ್ರ ಸಮಿತಿಯ ಕಣ್ಣು ಕೆಲಸ ಮಾಡಬೇಕು.

ತಂಡಗಳ ಸಂಖ್ಯೆ ಹೆಚ್ಚಿಸಿದ್ದು ಒಳ್ಳೆಯದೇ ಆಯಿತು. 2024ರಲ್ಲಿ ಅಳಿಯನ ಊರಿನ ಓಹಾಯೋ ಸ್ಟೇಟ್ ಕೊನೆಯ ವಾರ ತನ್ನದೇ ಅಂಗಳದಲ್ಲಿ ಮಿಷಿಗನ್‌ಗೆ 13-10ರಿಂದ ಸೋತು, ಎಂಟನೆಯ ಶ್ರೇಯಾಂಕದಲ್ಲಿ ಒಳಗೆ ಬಂದು, 2025ರ ಜನವರಿಯಲ್ಲಿ ನೋತ್ರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ಚಾಂಪಿಯನ್ ಆಯಿತು. ಹಳೆಯ ಪದ್ಧತಿಯಾಗಿದ್ದರೆ ಅದು ಬಾಗಿಲ ಹೊರಗೇ.

ಅದೇ ವರ್ಷ ಇನ್ನೊಂದು ಪಾಠವೂ ಸಿಕ್ಕಿತು. ಐದು ಗುಂಪುಗಳ ಚಾಂಪಿಯನ್‌ಗಳಿಗೆ ನೇರ ಪ್ರವೇಶ, ಅದರಲ್ಲಿ ಮೇಲಿನ ನಾಲ್ವರಿಗೆ ಮೊದಲ ಸುತ್ತಿನಲ್ಲಿ ವಿಶ್ರಾಂತಿ ಅನ್ನೋ ನಿಯಮ ಇತ್ತು. ಪಟ್ಟಿಯಲ್ಲಿ 12ನೆಯದಾಗಿದ್ದ ಅರಿಝೋನಾ ಸ್ಟೇಟಿಗೂ ವಿಶ್ರಾಂತಿ ಸಿಕ್ಕಿತು. ವಿಶ್ರಾಂತಿ ಪಡೆದ ನಾಲ್ಕೂ ತಂಡಗಳು ತಮ್ಮ ಮೊದಲ ಆಟದಲ್ಲೇ ಸೋತವು. 2025ರಿಂದ ವಿಶ್ರಾಂತಿಯನ್ನು ಪಟ್ಟಿಯ ಮೇಲಿನ ನಾಲ್ಕು ತಂಡಗಳಿಗೆ ಕೊಟ್ಟರು. ಇದು ಸರಿಯೇ. ಚಾಂಪಿಯನ್‌ಗೆ ಬಾಗಿಲು ತೆರೆಯಬೇಕು, ಮೇಲಿನ ಮಣೆಯನ್ನೂ ಹಾಕಬೇಕೆಂದಿಲ್ಲ.

2025ರಲ್ಲಿ ಕೊನೆಯ ಜಾಗಕ್ಕೆ ಮಯಾಮಿ ಮತ್ತು ನೋತ್ರ್ ಡೇಮ್ ನಡುವೆ ಪೈಪೋಟಿ. ಇಬ್ಬರದೂ 10 ಗೆಲುವು, 2 ಸೋಲು. ಹಂಗಾಮಿನ ಮೊದಲ ಆಟದಲ್ಲೇ ಮಯಾಮಿ 27-24ರಿಂದ ಗೆದ್ದಿತ್ತು. ಆದರೂ ವಾರಗಟ್ಟಲೆ ಸಮಿತಿಯ ಪಟ್ಟಿಯಲ್ಲಿ ನೋತ್ರ್ ಡೇಮ್ ಮೇಲಿತ್ತು. ಕೊನೆಯ ದಿನ ಮಯಾಮಿಯನ್ನು ಮೇಲಕ್ಕೇರಿಸಿದರು. ಮುಂದೆ ಏನಾಯಿತು ನೋಡ್ರಿ: ಅದೇ ಮಯಾಮಿ ಮೂರು ತಂಡಗಳನ್ನು ಕೆಡವಿ ಫೈನಲ್ ತನಕ ಹೋಗಿ, 2026ರ ಜನವರಿಯಲ್ಲಿ ಇಂಡಿಯಾನಾಕ್ಕೆ 27-21ರಿಂದ ಸೋತಿತು. ಆಗಸ್ಟಿನಲ್ಲೇ ಕಾಟಾ ಹೇಳಿದ್ದು ಸುಳ್ಳಾಗಲಿಲ್ಲ.

ಅದೇ ವರ್ಷ ಸಣ್ಣ ಗುಂಪುಗಳ ಚಾಂಪಿಯನ್‌ಗಳಾದ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಒಳಗೆ ಬಂದು ದೊಡ್ಡ ಅಂತರದಲ್ಲಿ ಸೋತವು. ‘ಇಂಥವರಿಗೆ ಯಾಕೆ ಜಾಗ?’ ಅಂತ ಗುಲ್ಲೆದ್ದಿತು. ಆದರೆ ಅದೇ ಪ್ಲೇಆಫ್‌ನಲ್ಲಿ ದೊಡ್ಡ ಹೆಸರಿನ ಅಲಬಾಮಾ 38-3ರಿಂದ, ಆರೆಗನ್ 56-22ರಿಂದ ಇಂಡಿಯಾನಾ ಎದುರು ನೆಲಕಚ್ಚಿದವು. ಅವರಿಗೆ ಯಾಕೆ ಜಾಗ ಅಂತ ಯಾರೂ ಕೇಳಲಿಲ್ಲ.

ಈಗ 16 ಮಾಡೋಣ, 24 ಮಾಡೋಣ ಅನ್ನೋ ಮಾತು ನಡೆದಿದೆ. ನನಗೆ ಸಂಖ್ಯೆಯ ಚಿಂತೆ ಇಲ್ಲ, ಮೀಸಲು ಜಾಗದ ಚಿಂತೆ ಇದೆ. 2025ರಲ್ಲಿ ಬಿಗ್ ಟೆನ್ ಎಂಬ ದೊಡ್ಡ ಗುಂಪು ಮುಂದಿಟ್ಟ ಯೋಜನೆ ಹೀಗಿತ್ತು: 16ರಲ್ಲಿ ತನಗೆ 4, ಇನ್ನೊಂದು ದೊಡ್ಡ ಗುಂಪಾದ ಎಸ್‌ಇಸಿಗೆ 4, ಎಸಿಸಿ ಮತ್ತು ಬಿಗ್ 12 ಗುಂಪುಗಳಿಗೆ ಎರಡೆರಡು, ಉಳಿದ ಸಣ್ಣ ಗುಂಪುಗಳಿಗೆಲ್ಲ ಸೇರಿ 1. ಉಳಿದವರು ಒಪ್ಪಲಿಲ್ಲ, 2026ಕ್ಕೂ 12 ತಂಡಗಳೇ ಅಂತಾಯಿತು. ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಇಎಸ್‌ಪಿಎನ್ ಟಿವಿ ಆರು ವರ್ಷದ ಪ್ರಸಾರಕ್ಕೆ ಒಪ್ಪಿದ ಮೊತ್ತ 780 ಕೋಟಿ ಡಾಲರ್. ಬಿತ್ತುವ ಮೊದಲೇ ಇಂಥವರ ಹೊಲದ ಬೆಳೆಗೆ ಮೊದಲ ದರ ಅಂತ ಬರೆದುಕೊಟ್ಟರೆ, ಉಳಿದವರು ಯಾಕೆ ಬೆವರು ಹರಿಸಬೇಕು?

ನನ್ನ ಮಟ್ಟಿಗೆ ಮೂರು ನಿಯಮ ಸಾಕು. ಒಂದು, ಮೇಲಿನ ಐದು ಗುಂಪುಗಳ ಚಾಂಪಿಯನ್‌ಗಳಿಗೆ ನೇರ ಜಾಗ. ಸೋಲೇ ಕಾಣದ ಚಾಂಪಿಯನ್ ಯಾವ ಗುಂಪಿನವರಾದರೂ ಹೊರಗೆ ಬೀಳಬಾರದು. ಎರಡು, ಸೋಲು ಗೆಲುವು ಸಮ ಇದ್ದು ಇಬ್ಬರೂ ಎದುರುಬದುರು ಆಡಿದ್ದರೆ, ಗೆದ್ದವರೇ ಮೇಲು. ಮೂರು, ಉಳಿದ ಜಾಗ ಸಮಿತಿ ತುಂಬಲಿ, ಯಾವ ಗುಂಪಿಗೂ ಮೀಸಲು ಬೇಡ. ಎದುರಾಳಿಗಳ ಬಲ, ಆಟಗಾರರ ಗೈರು ಇವನ್ನೆಲ್ಲ ನೋಡಬೇಕು ಅಂತ ಸಮಿತಿಯ ನಿಯಮದಲ್ಲಿದೆ, ಯಾವುದಕ್ಕೆ ಎಷ್ಟು ತೂಕ ಅನ್ನೋದು ಇಲ್ಲ. ಅದನ್ನು ಆಗಸ್ಟಿನಲ್ಲಿ ಆಟ ಶುರುವಾಗೋ ಮೊದಲೇ ಹೇಳಿಬಿಡಲಿ.

ಹಂಗೆ ಮಾಡಿದರೆ ಕೊನೆಯ ಜಾಗ ತಪ್ಪಿದ ಹುಡುಗನಿಗೂ ತಾನು ಯಾವ ಆಟದಲ್ಲಿ ಅದನ್ನು ಕಳಕೊಂಡೆ ಅಂತ ಗೊತ್ತಿರುತ್ತದೆ. ಫ್ಲಾರಿಡಾ ಸ್ಟೇಟಿನ ಹುಡುಗರಿಗೆ ಅಂಥದೊಂದು ಆಟ ತೋರಿಸಲಿಕ್ಕೆ ಯಾರ ಹತ್ತಿರವೂ ಇರಲಿಲ್ಲ.